‘ಸೋಮವಾರದಿಂದ ಪಕ್ಕಾ’ ಅನ್ನೋ ಗುತ್ತೇದಾರರ ಹತ್ತಿರ ಹೇಗೆ ಮಾತಾಡೋದು?

ಮೊದಲು ಇದನ್ನು ಹೇಳಿ. ನಿಮ್ಮ ಹಳೇ ಮನೆಯ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಇನ್ನೂ ಮೇಲೇ ಇದೆ ತಾನೇ? ಬಿಚ್ಚಿಸಿಲ್ಲ ತಾನೇ?

ಸೇಡಂ ಕಡೆ ಮಣ್ಣಿನ ಮಾಳಿಗೆ ಮನೆ, ಇಳಿಸಿ ಆರ್‌ಸಿಸಿ (ಕಬ್ಬಿಣದ ರಾಡ್ ಹಾಕಿದ ಕಾಂಕ್ರೀಟ್) ಸ್ಲ್ಯಾಬ್ ಹಾಕಿಸಬೇಕು, ಏಪ್ರಿಲ್ ಅರ್ಧ ಆಯ್ತು, ಗುತ್ತೇದಾರರು ಸೋಮವಾರ ಸೋಮವಾರ ಅಂತಾರೆ, ಫೋನ್ ಎತ್ತಲ್ಲ, ತಡವಾದರೆ ದಿನಕ್ಕಿಷ್ಟು ದಂಡ ಅಂತ ಬರೆಸಿಕೊಳ್ಳಲಾ ಅಂತ ಕೇಳಿದ್ದೀರಿ. ದಂಡದ ಮಾತು ಆಮೇಲೆ. ನಾನು ಮಾಳಿಗೆ ಬಿಚ್ಚಿಸಿ ಕೂತಿದ್ದವನು, ಅದಕ್ಕೇ ಕೇಳಿದೆ.

ನಮ್ಮದು ಕಲಬುರಗಿಯ ಬ್ರಹ್ಮಪುರದಲ್ಲಿ ಅಜ್ಜನ ಕಾಲದ ಮನೆ. ದಪ್ಪ ಕಲ್ಲಿನ ಗೋಡೆ, ಕಲ್ಲಿನ ಮಧ್ಯೆ ಸಿಮೆಂಟ್ ಅಲ್ಲ, ಮಣ್ಣು. ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಮತ್ತೆ ಮಣ್ಣು. ಬೇಸಿಗೆಯಲ್ಲಿ ತಣ್ಣಗಿರುತ್ತಿತ್ತು, ಮಳೆಗಾಲದಲ್ಲಿ ಬಕೆಟ್ ಇಟ್ಟುಕೊಂಡು ಮಲಗುತ್ತಿದ್ದೆವು. ಗುತ್ತೇದಾರರು ಪರಿಚಯದವರೇ, ಕೆಲಸವೂ ಚೊಕ್ಕ. ‘ಸಾವ್ಕಾರ್ರೆ, ನೀವು ಮಾಳಿಗಿ ಇಳಿಸಿ ಇಡ್ರಿ, ಮರುದಿನಾನೇ ಸೆಂಟ್ರಿಂಗ್ ತಂದು ಹಾಕ್ತೀನ್ರಿ’ ಅಂದರು. ಸೆಂಟ್ರಿಂಗ್ ಅಂದರೆ ಹಸಿ ಕಾಂಕ್ರೀಟನ್ನು ಗಟ್ಟಿಯಾಗೋ ತನಕ ಕೆಳಗಿಂದ ಹೊತ್ತು ನಿಲ್ಲೋ ಸಾಮಾನು. ಮೇ ತಿಂಗಳು. ಇಳಿಸೋಕೆ ಬೇರೆ ಕೂಲಿಯವರನ್ನು ಹಚ್ಚಿದೆ. ಮಣ್ಣು ಟ್ರ್ಯಾಕ್ಟರ್ ಹತ್ತಿ ಹೋಯ್ತು, ತೊಲೆ ಅಂಗಳಕ್ಕೆ ಬಂತು. ಗುತ್ತೇದಾರರು ಮಾತ್ರ ಬರಲಿಲ್ಲ.

ದಿನಾ ಫೋನ್ ಮಾಡಿದೆ. ‘ಯಾವಾಗ ಬರ್ತೀರಿ?’ ‘ನಾಳಿ ಬರ್ತೀವ್ರಿ.’ ನನ್ನ ತಪ್ಪು ಇರೋದೇ ಆ ಪ್ರಶ್ನೆಯಲ್ಲಿ. ಸ್ವಲ್ಪ ಉದ್ದ ಆದರೂ ಬಿಡಿಸಿ ಹೇಳ್ತೀನಿ.

ಸಣ್ಣ ಗುತ್ತೇದಾರರ ಹತ್ತಿರ ಸೆಂಟ್ರಿಂಗ್ ಸಾಮಾನು ಸಾಮಾನ್ಯವಾಗಿ ಒಂದೇ ಜೊತೆ ಇರುತ್ತೆ. ಕಬ್ಬಿಣದ ಶೀಟು, ಜಾಕು (ಎತ್ತರ ಹೊಂದಿಸೋ ಕಬ್ಬಿಣದ ಕಂಬ), ಕಟ್ಟಿಗೆ ಕಂಬ, ಅಷ್ಟೇ. ಅದು ಗೋದಾಮಿನಲ್ಲಿ ಇರಲ್ಲ. ಯಾರದೋ ಹಸಿ ಸ್ಲ್ಯಾಬ್ ಹೊತ್ತು ನಿಂತಿರುತ್ತೆ. ಆ ಸ್ಲ್ಯಾಬ್ ಗಟ್ಟಿಯಾಗೋ ತನಕ ತೆಗೆಯೋ ಹಾಗಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಸ್ಲ್ಯಾಬಿನ ಹರವು 4.5 ಮೀಟರ್ ಒಳಗಿದ್ದರೆ ಆಧಾರದ ಕಂಬ ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಅಂದರೆ ನಿಮ್ಮ ಕೆಲಸದ ದಿನ ಗುತ್ತೇದಾರರ ಬಾಯಲ್ಲಿಲ್ಲ, ಹಿಂದಿನ ಮನೆಯವರ ಸ್ಲ್ಯಾಬ್ ಯಾವತ್ತು ಬಿತ್ತು ಅನ್ನೋದರಲ್ಲಿದೆ. ಆ ಮನೆಯವರು ರಾಡ್ ತರಿಸೋದು ತಡ ಮಾಡಿದರೆ ನಿಮ್ಮದೂ ತಡ. ನಾನು ಇದನ್ನು ಕೇಳಲೇ ಇಲ್ಲ. ದಿನಾಂಕ ಕೇಳಿದೆ, ಅವರು ದಿನಾಂಕ ಕೊಟ್ಟರು. ಆಗಲ್ಲ ಅಂದರೆ ಬೇರೆಯವರ ಹತ್ತಿರ ಹೋಗಿಬಿಡ್ತಾನೆ ಅನ್ನೋ ಭಯ ಅವರಿಗೆ.

ಕೊನೆಗೆ ಬೈಕ್ ಹತ್ತಿ ಅವರು ಕೆಲಸ ಮಾಡ್ತಿದ್ದ ಜಾಗಕ್ಕೇ ಹೋದೆ. ಒಳಗೆ ಬಗ್ಗಿ ನೋಡಿದರೆ ಕಾಲಿಡೋಕೂ ಜಾಗ ಇಲ್ಲದ ಹಾಗೆ ಜಾಕು. ಮೇಲಿಂದ ಕ್ಯೂರಿಂಗ್ ನೀರು, ಅಂದರೆ ಸ್ಲ್ಯಾಬ್ ಗಟ್ಟಿಯಾಗಲಿ ಅಂತ ಹಸಿಯಾಗಿಡೋ ನೀರು, ತೊಟ್ಟಿಕ್ಕುತ್ತಿತ್ತು. ಗುತ್ತೇದಾರರು ಒಂದು ಜಾಕಿನ ಮೇಲೆ ಕೈ ಬಡಿದು, ‘ನಿಮ್ ಸಾಮಾನು ಇಲ್ಲೇ ನಿಂತದ ನೋಡ್ರಿ’ ಅಂದರು. ಅವರಿಗೆ ನಾಚಿಕೆ ಏನೂ ಇರಲಿಲ್ಲ. ಇರಬೇಕಾಗೂ ಇರಲಿಲ್ಲ ಅನ್ನಿ.

ಮಿರಗ (ಜೂನ್ ಮೊದಲಲ್ಲಿ ಬರೋ ಮೃಗಶಿರ ಮಳೆ) ಕೂಡೋಕೆ ಮೊದಲೇ ಒಂದು ಸಂಜೆ ಗಾಳಿ ಮಳೆ ಬಂತು. ತಾಡಪತ್ರಿ ಪಕ್ಕದ ಮನೆ ಬೇವಿನ ಮರಕ್ಕೆ ಸಿಕ್ಕಿಕೊಂಡಿತು. ತೆರೆದ ಗೋಡೆ ನೆತ್ತಿಯಿಂದ ನೀರು ಕುಡಿಯಿತು. ಕಲ್ಲಿನ ಸಂದಿಯಿಂದ ಚಹಾ ಬಣ್ಣದ ನೀರು ಇಳೀತಿತ್ತು, ಅದೇ ನಮ್ಮ ಗಾರೆ. ನಡುಮನೆ ಗೋಡೆ ಹೊಟ್ಟೆ ಬಿಟ್ಟಿತು, ಅದನ್ನು ಪೂರ್ತಿ ಬಿಚ್ಚಿ ಕಟ್ಟಿಸಬೇಕಾಯ್ತು. ಮೂಲೆಯಲ್ಲಿ ಒಟ್ಟಿದ್ದ ಜೋಳದ ಚೀಲ ಹೋದವು. ಸಾಮಾನು ಬಿಡುವಾಗೋ ಹೊತ್ತಿಗೆ ಮಿರಗದ ಮಳೆ ಚೆನ್ನಾಗಿ ಬಿತ್ತು. ಗ್ಯಾಂಗಿನ ಅರ್ಧ ಜನ ಹೆಸರು, ತೊಗರಿ ಬಿತ್ತೋಕೆ ಊರಿಗೆ ಹೋದರು. ಅವರನ್ನು ಬೈಯೋಕಾಗುತ್ತಾ?

ಅದಕ್ಕೇ ನೀವು ದಿನಾಂಕ ಕೇಳೋದು ಬಿಡಿ. ‘ನಿಮ್ಮ ಸಾಮಾನು ಈಗ ಯಾರ ಮನೆಯಲ್ಲಿದೆ? ಆ ಸ್ಲ್ಯಾಬ್ ಯಾವತ್ತು ಹಾಕಿದ್ದು?’ ಅಂತ ಕೇಳಿ. ಹೋಗಿ ಕಣ್ಣಾರೆ ನೋಡಿ ಬನ್ನಿ, ಆಮೇಲೆ ದಿನ ನೀವೇ ಎಣಿಸಿ. ಸ್ಲ್ಯಾಬ್ ಇನ್ನೂ ಬಿದ್ದೇ ಇಲ್ಲ ಅಂದರೆ ಸೋಮವಾರದ ಮಾತು ಸುಳ್ಳು ಅಂತ ಅಲ್ಲೇ ಗೊತ್ತಾಗುತ್ತೆ. ಹಗಲು ಫೋನ್ ಮಾಡಿ ಪ್ರಯೋಜನ ಇಲ್ಲ, ಮಿಕ್ಸರ್ ಸದ್ದಿನಲ್ಲಿ ಕೇಳಿಸಲ್ಲ. ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿ. ನಮ್ಮವರು ಓದಲ್ಲ, ಕೇಳಿಸಿಕೊಳ್ತಾರೆ.

ದಂಡ ಬೇಡ. ಬರೆಸಿಕೊಂಡರೆ ಇಬ್ಬರು ಹುಡುಗರನ್ನು ಕಳಿಸಿ, ಬಾಗಿಲ ಮುಂದೆ ನಾಲ್ಕು ಕಂಬ ಹಾಕಿ, ಕೆಲಸ ಶುರು ಆಯ್ತು ಅಂತಾರೆ. ಇನ್ನೂ ಕೆಟ್ಟದ್ದು ಅಂದರೆ ಅವಸರಕ್ಕೆ ಬಿದ್ದು ಬೇರೆಯವರ ಸ್ಲ್ಯಾಬಿನ ಜಾಕು ಬೇಗ ಕಿತ್ತು ನಿಮಗೆ ತರ್ತಾರೆ. ನಾಳೆ ನಿಮ್ಮದನ್ನೂ ಹಾಗೇ ಕೀಳ್ತಾರೆ. ಅಡ್ವಾನ್ಸನ್ನು ಸಾಮಾನು ಅಂಗಳದಲ್ಲಿ ಇಳಿದ ಮೇಲೆ ಕೊಡಿ. ಮುಂದಿನ ಕಂತು ರಾಡ್ ಕಟ್ಟಿದ ಮೇಲೆ, ಸ್ಲ್ಯಾಬ್ ಬಿದ್ದ ಮೇಲೆ, ಹೀಗೆ. ಮಾಳಿಗೆ ಇಳಿಸೋದೂ ಅವರ ಗುತ್ತಿಗೆಯಲ್ಲೇ ಇರಲಿ. ಬೇರೆ ಕೂಲಿ ಹಚ್ಚಲೇಬೇಡಿ.

ನಿಮ್ಮ ಕಡೆಯದ್ದೂ ತಯಾರಿರಲಿ. ರಾಡು, ಸಿಮೆಂಟು, ಮರಳು, ಎಲ್ಲಕ್ಕಿಂತ ಮುಖ್ಯ ನೀರು. ಈ ಬಿಸಿಲಲ್ಲಿ ಕ್ಯೂರಿಂಗ್ 10 ದಿನಕ್ಕೆ ಕಮ್ಮಿ ಆಗಬಾರದು, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟ್ ಆದರೆ 14 ದಿನ ಒಳ್ಳೆಯದು. ಸುಮ್ನೆ ಪೈಪಿನಿಂದ ಚಿಮುಕಿಸೋದಲ್ಲ, ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಟ್ಯಾಂಕರಿನವರ ಹತ್ತಿರ ಮೊದಲೇ ಮಾತಾಡಿಡಿ. ಮಣ್ಣಿನ ಗಾರೆ ಗೋಡೆ ಆದರೆ ಆ ಭಾರ ತಡೆಯುತ್ತಾ ಅಂತ ಎಂಜಿನಿಯರ್‌ಗೂ ಒಮ್ಮೆ ತೋರಿಸಿ.

ಸಾಮಾನು ಮೇ ಮೊದಲ ವಾರದೊಳಗೆ ಬಿಡುವಾಗುತ್ತೆ ಅಂತ ಕಣ್ಣಾರೆ ಕಂಡರೆ ಮುಂದುವರಿಯಿರಿ. ಇಲ್ಲಾಂದ್ರೆ ಮಾಳಿಗೆ ಮುಟ್ಟಬೇಡಿ. ಮೇಲೆ ಹೊಸ ಮಣ್ಣು ಹಾಕಿಸಿ, ತಾಡಪತ್ರಿ ಬಿಗಿದು ಈ ಮಳೆಗಾಲ ದಾಟಿಸಿ. ಸ್ಲ್ಯಾಬನ್ನು ದೀಪಾವಳಿ ಆದ ಮೇಲೆ ಇಟ್ಟುಕೊಳ್ಳಿ. ಎಳ್ಳಮಾವಾಸ್ಯೆ ಹಿಂದೆ ಮುಂದೆ ಮಾತ್ರ ಬೇಡ, ಚರಗ ಚೆಲ್ಲೋಕೆ (ಹೊಲಕ್ಕೆ ನೈವೇದ್ಯ ಎರಚೋಕೆ) ಊರಿಗೆ ಹೋದ ಗ್ಯಾಂಗು ಸಜ್ಜೆ ರೊಟ್ಟಿ, ಭಜ್ಜಿ ಮುಗಿಸಿ ಯಾವತ್ತು ವಾಪಸ್ ಬರುತ್ತೋ ಗುತ್ತೇದಾರರಿಗೂ ಗೊತ್ತಿರಲ್ಲ.