ನಾಲ್ಕು ಬದಿ ಅಳೆದರೆ ತೋಟದ ಅಳತೆ ಸಿಗುತ್ತದಾ?

ಪರೀಕ್ಷೆ ಹತ್ತಿರವಾದ ಹಾಗೆ ಗಣಿತದ ಸೂತ್ರಗಳ ಬಗ್ಗೆ ಬರುವ ಪತ್ರಗಳು ಜಾಸ್ತಿಯಾಗುತ್ತವೆ. ಈ ಸಲ ಐದಕ್ಕೆ ಉತ್ತರ ಬರೆದಿದ್ದೇನೆ. ಅದರಲ್ಲಿ ಒಂದು ಪತ್ರ ತೋಟ ಕೊಳ್ಳುವ ವಿಚಾರದ್ದು. ಅದಕ್ಕೆ ಜಾಗ ಜಾಸ್ತಿ ಕೊಟ್ಟಿದ್ದೇನೆ.

ಪ್ರಶ್ನೆ: ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಗೋಡೆ ತುಂಬ ಸೂತ್ರಗಳ ಚಾರ್ಟ್ ಅಂಟಿಸಿದ್ದಾನೆ. ಬೆಳಿಗ್ಗೆ ಎದ್ದು ಗಟ್ಟಿಯಾಗಿ ಓದುತ್ತಾನೆ, ಟೆಸ್ಟ್ ಬರೆಯುವಾಗ ಮರೆಯುತ್ತಾನೆ. ನಿಜಕ್ಕೂ ಬಾಯಿಪಾಠ ಇರಲೇಬೇಕಾದ ಸೂತ್ರಗಳು ಯಾವುವು?
– ತೀರ್ಥಹಳ್ಳಿಯ ಒಬ್ಬ ತಾಯಿ

ಉತ್ತರ: ಚಾರ್ಟ್ ಗೋಡೆ ಮೇಲೆ ಇರಲಿ. ಮಗನ ಕೈಗೆ ಒಂದು ಪೆನ್ಸಿಲ್ ಕೊಟ್ಟು ಅದರ ಮುಂದೆ ನಿಲ್ಲಿಸಿ. ಯಾವ ಸೂತ್ರ ಇನ್ನೊಂದರಿಂದ ಹುಟ್ಟುತ್ತದೋ ಅದಕ್ಕೆ ಗೀಟು ಹಾಕಲಿ.

(ಎ − ಬಿ)² ಅನ್ನು ಬೇರೆಯಾಗಿ ಕಲಿಯುವ ಅಗತ್ಯವೇ ಇಲ್ಲ. (ಎ + ಬಿ)² ಸೂತ್ರದಲ್ಲಿ ಬಿ ಇದ್ದ ಕಡೆ ಮೈನಸ್ ಬಿ ಹಾಕಿದರೆ ಆಯಿತು. ತ್ರಾಪಿಜ್ಯಕ್ಕೆ ಒಂದು ಕರ್ಣ ಎಳೆದರೆ ಎರಡು ತ್ರಿಭುಜ, ಅದರ ಸೂತ್ರ ಅಲ್ಲೇ ಸಿಕ್ಕಿತು. ಘನ, ಆಯತ ಘನ, ಸಿಲಿಂಡರ್ ಮೂರಕ್ಕೂ ಒಂದೇ ಮಾತು: ತಳದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸು. ತ್ರಿಕೋನಮಿತಿಯ ಮೂರು ನಿತ್ಯ ಸಮೀಕರಣಗಳಲ್ಲಿ ಒಂದು ಗೊತ್ತಿದ್ದರೆ ಸಾಕು: ಸೈನ್² + ಕಾಸ್² = 1. ಅದನ್ನು ಕಾಸ್² ಇಂದ ಭಾಗಿಸಿದರೆ ಎರಡನೆಯದು ಬರುತ್ತದೆ, ಸೈನ್² ಇಂದ ಭಾಗಿಸಿದರೆ ಮೂರನೆಯದು. ಹೀಗೆ ಗೀಟು ಹಾಕುತ್ತ ಹೋದರೆ ಕೊನೆಗೆ ಹತ್ತು ಹನ್ನೆರಡು ಉಳಿಯುತ್ತವೆ. ಬಾಯಿಪಾಠ ಬೇಕಾಗಿರುವುದು ಅಷ್ಟೇ.

ಆ ಹತ್ತು ಹನ್ನೆರಡೂ ಕಣ್ಣಿಗೆ ಕಾಣಬೇಕು. (ಎ + ಬಿ)² ಅಂದ ಕೂಡಲೇ ಎ² + ಬಿ² ಎಂದು ಬರೆದು ಮುಗಿಸುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಅವರಿಗೆ ಅಡಿಕೆ ಒಣಗಿಸುವ ಅಂಗಳದ ಚಿತ್ರ ಬರೆಸುತ್ತೇನೆ. 10 ಅಡಿ ಚೌಕದ ಅಂಗಳ. ಅದನ್ನು ಎರಡು ಕಡೆ 3 ಅಡಿ ಬೆಳೆಸಬೇಕು. ಹಳೆ ಅಂಗಳ 100 ಚದರ ಅಡಿ. ಪಕ್ಕದಲ್ಲಿ ಒಂದು ಪಟ್ಟಿ, 30. ಕೆಳಗೆ ಇನ್ನೊಂದು ಪಟ್ಟಿ, 30. ಮೂಲೆಯಲ್ಲಿ ಪುಟ್ಟ ಚೌಕ, 9. ಒಟ್ಟು 169, ಅಂದರೆ 13ರ ವರ್ಗ. ಮಕ್ಕಳು ಬಿಟ್ಟುಬಿಡುವ 2ಎಬಿ ಅಂದರೆ ಆ ಎರಡು ಪಟ್ಟಿಗಳು. ಅವನ್ನು ಬಿಟ್ಟರೆ ಅಂಗಳಕ್ಕೂ ಮೂಲೆಗೂ ನಡುವೆ ಜಾಗ ಖಾಲಿ ಉಳಿಯುತ್ತದೆ, ಅಲ್ವಾ?

ಶಂಕುವಿನ ಘನಫಲದಲ್ಲಿ ಬರುವ ಮೂರನೇ ಒಂದು ಭಾಗವೂ ಹಾಗೇ. ಒಮ್ಮೆ ತರಗತಿಗೆ ಒಂದು ತಗಡಿನ ಡಬ್ಬಿ, ಡ್ರಾಯಿಂಗ್ ಹಾಳೆ, ಸ್ವಲ್ಪ ಭತ್ತ ತೆಗೆದುಕೊಂಡು ಹೋಗಿದ್ದೆ. ಡಬ್ಬಿಯಷ್ಟೇ ಬಾಯಿ, ಅಷ್ಟೇ ಎತ್ತರ ಇರುವ ಹಾಗೆ ಕಡಲೆಕಾಯಿ ಪೊಟ್ಟಣದ ತರಹ ಹಾಳೆ ಸುತ್ತಿದೆವು. ಪೊಟ್ಟಣ ತುಂಬಿ ಡಬ್ಬಿಗೆ ಸುರಿದೆವು. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಭತ್ತ ಡಬ್ಬಿಯ ಅಂಚಿಗೆ ಬಂದು ನಿಂತಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು, ಎಲ್ಲ ಖಾಲಿ ಮಾಡಿ, ತಾನೇ ಮತ್ತೆ ಮೂರು ಸಲ ಸುರಿದು ನೋಡಿದ. ಅವನು ಆ ಸೂತ್ರ ಮರೆಯಲಿಲ್ಲ.

ಗೋಳದ ಸೂತ್ರವನ್ನು ಮಾತ್ರ ಈ ಹಂತದಲ್ಲಿ ಸುಮ್ನೆ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ. ನೆನಪಿಗೆ ಒಂದು ಆಸರೆ ಕೊಡಬಹುದು. ಚೆಂಡೊಂದು ಸರಿಯಾಗಿ ಹಿಡಿಸುವ ಡಬ್ಬಿ ಇದೆ ಅಂದುಕೊಳ್ಳಿ, ಮೇಲೆ ಕೆಳಗೆ ಸುತ್ತ ಎಲ್ಲ ತಾಗುವ ಹಾಗೆ. ಆ ಡಬ್ಬಿ 3 ಪಾಲು ಆದರೆ ಚೆಂಡು 2 ಪಾಲು, ಅದೇ ಡಬ್ಬಿಯೊಳಗೆ ಸರಿಯಾಗಿ ಕೂರುವ ಶಂಕು 1 ಪಾಲು. ಚೆಂಡಿನ 2 ಪಾಲನ್ನು ಕಂಡುಹಿಡಿದವನು ಆರ್ಕಿಮಿಡೀಸ್, 2200 ವರ್ಷಕ್ಕೂ ಹಿಂದೆ. ತನ್ನ ಸಮಾಧಿಯ ಮೇಲೆ ಗೋಳ ಮತ್ತು ಸಿಲಿಂಡರಿನ ಚಿತ್ರ ಇರಲಿ ಎಂದು ಬಯಸಿದ್ದನಂತೆ. ಅಷ್ಟು ಪ್ರೀತಿ ಅವನಿಗೆ ಅದರ ಮೇಲೆ.

ಪ್ರಶ್ನೆ: ವರ್ಗ ಸಮೀಕರಣದ ಸೂತ್ರದಲ್ಲಿ ಮೈನಸ್ ಬಿ, ವರ್ಗಮೂಲ, ಕೆಳಗೆ 2ಎ, ಇದೆಲ್ಲ ಎಲ್ಲಿಂದ ಬಂತು?
– ಭದ್ರಾವತಿಯ ಹತ್ತನೇ ತರಗತಿ ವಿದ್ಯಾರ್ಥಿನಿ

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ತುಂಬ ಖುಷಿಯಾಯಿತು. ಒಂದು ಲೆಕ್ಕ ಹಿಡಿದೇ ನೋಡೋಣ: 2ಎಕ್ಸ್² + 7ಎಕ್ಸ್ + 3 = 0. ಇಲ್ಲಿ ಎ ಅಂದರೆ 2, ಬಿ ಅಂದರೆ 7, ಸಿ ಅಂದರೆ 3.

ಎಲ್ಲವನ್ನೂ 4ಎ ಇಂದ, ಅಂದರೆ ಇಲ್ಲಿ 8ರಿಂದ ಗುಣಿಸಿ. 16ಎಕ್ಸ್² + 56ಎಕ್ಸ್ + 24 = 0. ಈಗ 24ನ್ನು ಆಚೆ ಕಳಿಸಿ, ಎರಡೂ ಕಡೆ 7ರ ವರ್ಗ 49 ಸೇರಿಸಿ. ಎಡಗಡೆ (4ಎಕ್ಸ್ + 7)² ಆಗಿ ಕೂರುತ್ತದೆ. ಬಲಗಡೆ 49 − 24 = 25. ಹಾಗಾಗಿ 4ಎಕ್ಸ್ + 7 ಅಂದರೆ 5 ಅಥವಾ ಮೈನಸ್ 5. 7ನ್ನು ಆಚೆ ಕಳಿಸಿದಾಗ ಮೈನಸ್ ಬಿ ಬಂತು. 4ರಿಂದ ಭಾಗಿಸಿದಾಗ 2ಎ ಕೆಳಗೆ ಬಂತು. ಆ 25 ಇದೆಯಲ್ಲ, ಅದೇ ಬಿ² − 4ಎಸಿ. ಉತ್ತರ ಮೈನಸ್ ಅರ್ಧ, ಮತ್ತು ಮೈನಸ್ 3.

ಮೊದಲೇ 4ಎ ಇಂದ ಗುಣಿಸುವ ಈ ಉಪಾಯ ಶ್ರೀಧರಾಚಾರ್ಯರದ್ದು. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಅವರ ಹೆಸರು ಹೇಳಿಯೇ ಇದನ್ನು ಉಲ್ಲೇಖಿಸಿದ್ದಾರೆ. ನಡುವೆ ಎಲ್ಲೂ ಭಿನ್ನರಾಶಿ ಬರುವುದಿಲ್ಲ, ಅದಕ್ಕೇ ನನಗೆ ಇದು ಇಷ್ಟ. ಪರೀಕ್ಷೆಯಲ್ಲಿ ಸೂತ್ರ ಕೈಕೊಟ್ಟರೂ ಈ ದಾರಿಯಲ್ಲಿ ಉತ್ತರ ತಲುಪಬಹುದು.

ಪ್ರಶ್ನೆ: ಅಡಿಕೆ ಧಾರಣೆ ಶೇಕಡ 20 ಇಳಿದು, ಮತ್ತೆ ಶೇಕಡ 20 ಏರಿದರೆ ಮೊದಲಿನ ಧಾರಣೆಗೇ ಬರುತ್ತದೆ ಎಂದು ಅಣ್ಣ ವಾದಿಸುತ್ತಾನೆ. ಸರಿಯಾ?
– ಸಾಗರದ ಓದುಗ

ಉತ್ತರ: ಇಲ್ಲ. ಕ್ವಿಂಟಾಲಿಗೆ 50,000 ಇತ್ತು ಎಂದುಕೊಳ್ಳಿ. ಶೇಕಡ 20 ಇಳಿದರೆ 40,000. ಈಗ ಏರುವುದು 40,000ದ ಶೇಕಡ 20, ಅಂದರೆ 8,000 ಮಾತ್ರ. 48,000ಕ್ಕೆ ನಿಂತಿತು. ಹಳೆ ಧಾರಣೆ ಮುಟ್ಟಬೇಕಾದರೆ ಶೇಕಡ 25 ಏರಬೇಕು. ಶೇಕಡದ ಲೆಕ್ಕ ಬಂದಾಗಲೆಲ್ಲ ಯಾವುದರ ಶೇಕಡ ಎಂದು ಕೇಳಿಕೊಳ್ಳಿ.

ಪ್ರಶ್ನೆ: ಅಪ್ಪ ಪಕ್ಕದವರಿಂದ ಒಂದು ತುಂಡು ತೋಟ ಕೊಳ್ಳುತ್ತಿದ್ದಾರೆ. ಸುತ್ತ ನಾಲ್ಕು ಬದಿ ಕ್ರಮವಾಗಿ 130, 140, 90, 120 ಅಡಿ. ಎದುರುಬದುರು ಬದಿ ಕೂಡಿಸಿ, ಅರ್ಧ ಮಾಡಿ, ಗುಣಿಸಿ 13 ಗುಂಟೆ ಚಿಲ್ಲರೆ ಎಂದು ಮಾರುವವರು ಹೇಳುತ್ತಾರೆ. ಈ ಸೂತ್ರ ನಮ್ಮ ಪುಸ್ತಕದಲ್ಲಿ ಇಲ್ಲ. ನಂಬಬಹುದಾ?
– ಹೊಸನಗರ ತಾಲ್ಲೂಕಿನ ಪಿಯುಸಿ ವಿದ್ಯಾರ್ಥಿನಿ

ಉತ್ತರ: ನಂಬಬೇಡಿ. ಮಾರುವವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಈ ಲೆಕ್ಕ ತುಂಬ ಹಳೆಯದು, ಊರೂರಲ್ಲಿ ಒಳ್ಳೆ ಮನಸ್ಸಿನಿಂದಲೇ ಬಳಸುತ್ತಾರೆ. 628ರಲ್ಲಿ ಬ್ರಹ್ಮಗುಪ್ತನೂ ಇದನ್ನು ಬರೆದಿದ್ದಾನೆ. ಆದರೆ ಇದು ಸ್ಥೂಲ, ಅಂದರೆ ಅಂದಾಜು ಎಂದು ಸ್ಪಷ್ಟವಾಗಿ ಹೇಳಿ, ಸೂಕ್ಷ್ಮ ಅಳತೆಗೆ ಬೇರೆ ಸೂತ್ರ ಕೊಟ್ಟ. ಜನರ ಬಾಯಲ್ಲಿ ಸೂತ್ರ ಉಳಿಯಿತು, ‘ಸ್ಥೂಲ’ ಅನ್ನುವ ಮಾತು ಉದುರಿಹೋಯಿತು.

ಯಾಕೆ ತಪ್ಪು ಎಂದು ನೋಡಲು ನಾಲ್ಕು ಅಡಿಕೆ ದಬ್ಬೆ ತನ್ನಿ, ಒಂದೇ ಉದ್ದದವು. ಮೂಲೆಗೆ ಒಂದೊಂದೇ ಮೊಳೆ ಹೊಡೆದು ಚೌಕ ಮಾಡಿ. ಮೂಲೆಮಟ್ಟಕ್ಕೆ ಸರಿಯಾಗಿ ನಿಲ್ಲಿಸಿದಾಗ ಒಳಗಿನ ಜಾಗ ಪೂರ್ತಿ ಇರುತ್ತದೆ. ಈಗ ಒಂದು ಮೂಲೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ತಳ್ಳಿ. ಚೌಕ ವಾಲುತ್ತದೆ. ಇನ್ನೂ ತಳ್ಳಿ. ದಬ್ಬೆಗಳು ಒಂದರ ಮೇಲೊಂದು ಮಲಗಿ ಒಳಗೆ ಜಾಗವೇ ಉಳಿಯುವುದಿಲ್ಲ. ಬದಿಯ ಉದ್ದ ಒಂದು ಇಂಚೂ ಬದಲಾಗಲಿಲ್ಲ! ನಾಲ್ಕು ಬದಿ ಗೊತ್ತಿದ್ದ ಮಾತ್ರಕ್ಕೆ ತೋಟದ ಅಳತೆ ಗೊತ್ತಾಗುವುದಿಲ್ಲ ಎಂದು ಆ ದಬ್ಬೆಗಳೇ ತೋರಿಸುತ್ತವೆ.

ಬೇಕಾಗಿರುವುದು ಐದನೇ ಅಳತೆ, ಕರ್ಣ. ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. ಮರಗಳ ನಡುವೆ ಸ್ವಲ್ಪ ಕಷ್ಟ, ಆದರೂ ಹಿಡಿಯಲೇಬೇಕು. ಆಗ ತೋಟ ಎರಡು ತ್ರಿಭುಜವಾಗುತ್ತದೆ. ದಬ್ಬೆಯ ತ್ರಿಭುಜವನ್ನು ತಳ್ಳಿ ನೋಡಿ, ಅಲ್ಲಾಡುವುದಿಲ್ಲ. ಅದಕ್ಕೇ ಮೂರು ಬದಿ ಗೊತ್ತಿದ್ದರೆ ವಿಸ್ತೀರ್ಣ ಹೇಳುವ ಹೆರಾನನ ಸೂತ್ರ ಇದೆ. ಮೂರು ಬದಿ ಕೂಡಿಸಿ ಅರ್ಧ ಮಾಡಿ. ಆ ಅರ್ಧದಿಂದ ಒಂದೊಂದು ಬದಿ ಕಳೆಯಿರಿ. ಅರ್ಧವನ್ನೂ ಕಳೆದು ಬಂದ ಮೂರನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ.

ನೀವು ಕರ್ಣ ಬರೆದಿಲ್ಲ. 130 ಮತ್ತು 140ರ ಬದಿಗಳ ತುದಿಗಳನ್ನು ಸೇರಿಸುವ ಕರ್ಣ 150 ಅಡಿ ಬಂತು ಅನ್ನೋಣ. ಮೊದಲ ತ್ರಿಭುಜ 130, 140, 150. ಅರ್ಧ 210. ಕಳೆದರೆ 80, 70, 60. ನಾಲ್ಕನ್ನೂ ಗುಣಿಸಿ ಮೂಲ ತೆಗೆದರೆ 8,400 ಚದರ ಅಡಿ. ಎರಡನೆಯದು 90, 120, 150. ಇದು ಗಾರೆ ಕೆಲಸದವರು ಮೂಲೆ ಸರಿ ನೋಡುವ 3-4-5ರ ಅಳತೆಯೇ, ಲಂಬಕೋನ. 90 ಗುಣಿಸು 120ರ ಅರ್ಧ, 5,400. ಒಟ್ಟು 13,800 ಚದರ ಅಡಿ. ಅವರ ಲೆಕ್ಕದಲ್ಲಿ 110 ಗುಣಿಸು 130, ಅಂದರೆ 14,300. ಗುಂಟೆಗೆ 1,089 ಚದರ ಅಡಿ, ಅದರಲ್ಲಿ 16 ಆಣೆ. ಅವರದ್ದು 13 ಗುಂಟೆ 2 ಆಣೆ. ನಿಜವಾದದ್ದು 12 ಗುಂಟೆ, ಹತ್ತಿರ ಹತ್ತಿರ 11 ಆಣೆ. ವ್ಯತ್ಯಾಸ 500 ಚದರ ಅಡಿ. 9 ಅಡಿ ಅಂತರದಲ್ಲಿ ನೆಟ್ಟರೆ ಆರು ಅಡಿಕೆ ಮರದ ಜಾಗ.

ಅದೇ ಕರ್ಣ 110 ಅಡಿ ಬಂದರೆ? ಬದಿಗಳು ಅವೇ, ಆದರೆ ತೋಟ ಸುಮಾರು 11,486 ಚದರ ಅಡಿಗೆ ಇಳಿಯುತ್ತದೆ. ಹತ್ತೂವರೆ ಗುಂಟೆ! ಎರಡೂವರೆ ಗುಂಟೆಗೂ ಜಾಸ್ತಿ ಹೋಯಿತು. ಇನ್ನೊಂದು ಮಾತು. ಸರಾಸರಿ ಲೆಕ್ಕ ಯಾವತ್ತೂ ಕಡಿಮೆ ತೋರಿಸುವುದಿಲ್ಲ. ಆಯತವಾದರೆ ಸರಿ, ಉಳಿದ ಎಲ್ಲದಕ್ಕೂ ಜಾಸ್ತಿಯೇ. ಪ್ರತಿ ಸಲ ಕೊಳ್ಳುವವರಿಗೇ ನಷ್ಟ.

ನಮ್ಮ ಕಡೆಯ ತೋಟ ಗುಡ್ಡದ ಓರೆಯಲ್ಲಿ ಇರುವುದೇ ಜಾಸ್ತಿ. ಸರ್ವೆ ಲೆಕ್ಕ ಯಾವಾಗಲೂ ಮಟ್ಟಸದ್ದು. ಟೇಪನ್ನು ನೆಲಕ್ಕೆ ತಾಗಿಸಿ ಎಳೆದರೆ ಅಳತೆ ಉಬ್ಬುತ್ತದೆ. 30 ಡಿಗ್ರಿ ಓರೆಯಲ್ಲಿ 100 ಅಡಿ ನಡೆದರೆ ಮಟ್ಟಸ ದೂರ 86.6 ಅಡಿ ಮಾತ್ರ, ಕಾಸ್ 30 ಅಂದರೆ ಅದೇ. ಟೇಪ್ ಮಟ್ಟಸವಾಗಿ ಹಿಡಿದು, ಮೆಟ್ಟಿಲಿನ ಹಾಗೆ ತುಂಡು ತುಂಡಾಗಿ ಅಳೆಯಿರಿ. ಇದೆಲ್ಲ ನಿಮ್ಮ ತಿಳಿವಳಿಕೆಗೆ. ಅಪ್ಪ ದುಡ್ಡು ಕೊಡುವ ಮೊದಲು ಸರ್ವೆಯವರಿಂದ ಅಳತೆ ಮಾಡಿಸಿ ನಕ್ಷೆ ಪಡೆಯಲೇಬೇಕು.

ಪ್ರಶ್ನೆ: ಮಾಡಿನ ಮಳೆನೀರು ಹಿಡಿಯುವ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಮ್ಮ ಮನೆ 12 ಮೀಟರ್ ಉದ್ದ, 10 ಮೀಟರ್ ಅಗಲ. ಟ್ಯಾಂಕಿನ ಬಾಯಿ 1.4 ಮೀಟರ್, ಎತ್ತರ 1.5 ಮೀಟರ್. ಟ್ಯಾಂಕ್ ತುಂಬಲು ಎಷ್ಟು ಮಳೆ ಬೇಕು?
– ಆಗುಂಬೆ ಕಡೆಯ ಒಂಬತ್ತನೇ ತರಗತಿ ವಿದ್ಯಾರ್ಥಿ

ಉತ್ತರ: ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. ಇದನ್ನು ಗಟ್ಟಿ ಹಿಡಿದುಕೊಳ್ಳಿ. ಹೆಂಚಿನ ಮಾಡು ಓರೆ ಇದ್ದರೂ ಓರೆಯ ಉದ್ದ ಅಳೆಯಬೇಡಿ. ಮಾಡು ನೆಲದ ಮೇಲೆ ಎಷ್ಟು ಜಾಗ ಮುಚ್ಚುತ್ತದೋ ಅಷ್ಟಕ್ಕೇ ಮಳೆ ಬೀಳುವುದು. ಸೂರು ಸೇರಿಸಿ ನಿಮ್ಮ ಅಳತೆ 120 ಚದರ ಮೀಟರ್ ಎಂದಾದರೆ, ಪ್ರತಿ ಮಿಲಿಮೀಟರ್ ಮಳೆಗೆ 120 ಲೀಟರ್.

ಟ್ಯಾಂಕಿಗೆ ಬನ್ನಿ. ಬಾಯಿಗೆ ಅಡ್ಡ ಹಿಡಿದ ಟೇಪ್ ತೋರಿಸುವುದು ವ್ಯಾಸ. ತ್ರಿಜ್ಯ 0.7 ಮೀಟರ್. 22/7 ಗುಣಿಸು 0.49 ಗುಣಿಸು 1.5, ಅಂದರೆ 2.31 ಘನ ಮೀಟರ್, 2,310 ಲೀಟರ್. ತ್ರಿಜ್ಯದ ಜಾಗದಲ್ಲಿ 1.4 ಹಾಕಿಬಿಟ್ಟರೆ ಉತ್ತರ ನಾಲ್ಕು ಪಟ್ಟು ಆಗುತ್ತದೆ, 9,240. ಸಿಲಿಂಡರ್ ಲೆಕ್ಕದಲ್ಲಿ ನಾನು ಕಂಡ ತಪ್ಪುಗಳಲ್ಲಿ ಇದೇ ಜಾಸ್ತಿ. 22/7 ಕೂಡ ಪೈ ಬೆಲೆಗೆ ಹತ್ತಿರದ್ದು ಅಷ್ಟೇ. 499ರಲ್ಲಿ ಆರ್ಯಭಟ 3.1416 ಕೊಟ್ಟು, ಅದನ್ನೂ ‘ಆಸನ್ನ’, ಅಂದರೆ ಸಮೀಪದ್ದು ಎಂದೇ ಕರೆದಿದ್ದ. ಟ್ಯಾಂಕಿಗೆ 22/7 ಸಾಕು.

2,310ನ್ನು 120ರಿಂದ ಭಾಗಿಸಿದರೆ 19.25 ಮಿಲಿಮೀಟರ್. ಹೆಂಚು ಹೀರುವುದು, ದೋಣಿಯಿಂದ ಚೆಲ್ಲುವುದು ಸೇರಿಸಿ 25 ಎಂದು ಇಟ್ಟುಕೊಳ್ಳಿ. ನಿಮ್ಮ ಕಡೆ ಆಷಾಢದಲ್ಲಿ ಒಂದು ಬೆಳಗಿಗೇ ಅಷ್ಟು ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಅಂದರೆ ನಿಮ್ಮ ಒಂದು ಮಾಡಿನ ಮೇಲೆ ಎಂಟು ಲಕ್ಷ ಲೀಟರಿಗೂ ಜಾಸ್ತಿ. ಪ್ರಾಜೆಕ್ಟಿನಲ್ಲಿ ಇನ್ನೊಂದು ಪುಟ ಸೇರಿಸಿ: ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕು ಎಂದು ಅಮ್ಮನನ್ನು ಕೇಳಿ ಬರೆದು, ಬಾವಿ ತಳ ಕಾಣುವ ಏಪ್ರಿಲ್, ಮೇ ತಿಂಗಳ 61 ದಿನಕ್ಕೆ ಎಷ್ಟು ದೊಡ್ಡ ಟ್ಯಾಂಕ್ ಬೇಕಾಗುತ್ತದೆ ಎಂದು ಇದೇ ಸೂತ್ರದಲ್ಲಿ ಲೆಕ್ಕ ಹಾಕಿ.