ನಿಲ್ಲಿಸಿದ ಕಾರಿನಲ್ಲಿ ಬರಿದಾಗುವ ಬ್ಯಾಟರಿ

ಹೊಸ 35 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ ಹಾಕಿಸಿ ಎರಡು ತಿಂಗಳಾಗಿದ್ದರೂ, ಮೂರು ದಿನ ನಿಲ್ಲಿಸಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ ಎಂದು ಬರೆದಿದ್ದೀರಿ. ಮತ್ತೊಂದು ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ನಂತರ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇದ್ದರೆ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಮೇಲೆ ಸಂಶಯ ಬೇಡ.

ಎರಡೂ ಸರಿಯಿದ್ದರೆ ನಿಂತಲ್ಲೇ ಕರೆಂಟ್ ಸೋರುತ್ತಿದೆ ಎಂದೇ ನನ್ನ ಅನುಮಾನ. ಕೀಲಿಯನ್ನು ಕೈಯಲ್ಲಿಟ್ಟುಕೊಂಡು, ನೆಗೆಟಿವ್ ಕೇಬಲ್ ಬಿಚ್ಚಿ, 10 ಆಂಪಿಯರ್ ಸಾಕೆಟ್ಟಿಗೆ ಹಾಕಿದ ಮೀಟರನ್ನು ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಜೋಡಿಸಿ, ಬಾಗಿಲುಗಳನ್ನು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟರೆ, ಅಂಕಿ ಸುಮಾರು 50 ಮಿಲಿಆಂಪಿಯರಿಗಿಂತ ಕೆಳಗಿಳಿಯಬೇಕು. ಆ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹಾರಿಹೋಗುತ್ತದೆ. ಅಂಕಿ 300ರಲ್ಲೇ ನಿಂತರೆ ದಿನಕ್ಕೆ 7 ಆಂಪಿಯರ್-ಅವರ್ ಹೋದಂತೆ, ಅಂದರೆ ನಿಮ್ಮ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಮೂರೇ ದಿನಕ್ಕೆ ಖಾಲಿ.

ಆಗ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ದಿಢೀರನೆ ಬೀಳುತ್ತದೋ ಆ ಸರ್ಕ್ಯೂಟಿನಲ್ಲೇ ದೋಷವಿದೆ. ಹೊರಗಡೆ ಹಾಕಿಸಿದ ಸ್ಟೀರಿಯೊ, ಡ್ಯಾಶ್‌ಕ್ಯಾಮ್ ಇದ್ದರೆ ಮೊದಲು ಅವುಗಳಿಂದಲೇ ಶುರುಮಾಡಿ. ನನ್ನ ಕಾರಿನಲ್ಲಂತೂ ಡಿಕ್ಕಿಯ ಪುಟ್ಟ ದೀಪ, ಸ್ವಿಚ್ಚು ಕೆಟ್ಟು, ಮುಚ್ಚಿದ ಮೇಲೂ ರಾತ್ರಿಯಿಡೀ ಉರಿಯುತ್ತಿತ್ತು.