ಪ್ರತಿಕ್ರಿಯೆ: ಹಳೆಯ ಲೇಬಲ್ ಅಳಿಸಬೇಡಿ

ಮೈಕ್ರೋಸಾಫ್ಟ್ ಪರ್‌ವ್ಯೂನಲ್ಲಿ (ಕಂಪನಿಯ ಫೈಲು, ಮೇಲ್‌ಗಳಿಗೆ ಗೌಪ್ಯತೆಯ ಗುರುತು, ಅಂದರೆ ಲೇಬಲ್, ಹಾಕಿ ಕಾಪಾಡುವ ವ್ಯವಸ್ಥೆ) ಹಳೆಯ ‘ಗೌಪ್ಯ’ ಲೇಬಲ್ ಡಿಲೀಟ್ ಮಾಡಿ ಹೊಸದು ಹಾಕಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಲೇಬಲ್ ಅಳಿಸಿದರೂ ಅದು ಫೈಲಿಗೆ ಹಾಕಿದ್ದ ಎನ್‌ಕ್ರಿಪ್ಶನ್ (ಅನುಮತಿ ಇದ್ದವರು ಮಾತ್ರ ತೆರೆಯುವಂತೆ ಮಾಡುವ ಬೀಗ) ಹಾಗೇ ಉಳಿಯುತ್ತದೆ, ಲೇಬಲ್ ಹೆಸರು ಮಾತ್ರ ಕಾಣುವುದಿಲ್ಲ. ಪೀಣ್ಯದ ನಮ್ಮ ಆಫೀಸಿನಲ್ಲಿ ಹೀಗೇ ಆಯಿತು. ಕೊಟೇಶನ್‌ನ ಎಕ್ಸೆಲ್ ಶೀಟ್ ಮೇಲೆ ಲೇಬಲ್ಲೇ ಇಲ್ಲ, ಆದರೆ ಗಿರಾಕಿಗೆ ಕಳಿಸಿದರೆ ತೆರೆಯುತ್ತಲೇ ಇಲ್ಲ! ಕಾರಣ ಹುಡುಕುವುದರಲ್ಲೇ ಎರಡು ದಿನ ಹೋಯಿತು.

ಹೆಸರು ಮಾತ್ರ ಬದಲಿಸಬೇಕು ಅಲ್ವಾ? ಲೇಬಲ್ಲಿನ ಡಿಸ್‌ಪ್ಲೇ ನೇಮ್ (ಬಳಸುವವರಿಗೆ ಕಾಣುವ ಹೆಸರು) ತಿದ್ದಿದರೆ ಸಾಕು. ಬಳಕೆಯೇ ನಿಲ್ಲಬೇಕಿದ್ದರೆ ಪಬ್ಲಿಶಿಂಗ್ ಪಾಲಿಸಿಯಿಂದ (ಯಾರಿಗೆ ಯಾವ ಲೇಬಲ್ ಸಿಗಬೇಕು ಎಂದು ಹೇಳುವ ಸೆಟ್ಟಿಂಗ್) ಆ ಲೇಬಲ್ ತೆಗೆಯಿರಿ. ಹಳೆಯ ಫೈಲು, ಮೇಲ್‌ಗಳಲ್ಲಿ ಅದು ಇರುತ್ತದೆ, ಹೊಸದಕ್ಕೆ ಯಾರೂ ಹಾಕಲಾಗದು. ಬದಲಾವಣೆ ಎಲ್ಲರಿಗೂ ತಲುಪಲು 24 ಗಂಟೆ ಕೊಡಿ. ಅಷ್ಟರೊಳಗೆ ಗಾಬರಿಯಾಗಿ ಸುಮ್ನೆ ಮತ್ತೆ ಮತ್ತೆ ತಿದ್ದಬೇಡಿ.